ಟವರಿನ ಎಣಿಕೆ ಬಂತು, ಸಿಗ್ನಲ್ಲಿನ ಅಳತೆ ಎಲ್ಲಿ?

2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿಯವರು ಬಿ.ಎಸ್.ಎನ್.ಎಲ್. ಸಂಸ್ಥೆಯ ಸ್ವದೇಶಿ 4ಜಿ ಜಾಲವನ್ನು ಉದ್ಘಾಟಿಸಿದರು. 97,500ಕ್ಕೂ ಹೆಚ್ಚು ಟವರುಗಳು, ಸುಮಾರು 37,000 ಕೋಟಿ ರೂಪಾಯಿ ವೆಚ್ಚ, 26,700ಕ್ಕೂ ಮಿಕ್ಕಿದ ಹಳ್ಳಿಗಳಿಗೆ ಸಂಪರ್ಕ ಎಂದು ಪ್ರಕಟಣೆಯಾಯಿತು. ಇದಕ್ಕೆ ಮೂರು ವರ್ಷ ಮುಂಚೆ, 2022ರ ಜುಲೈ ತಿಂಗಳಿನಲ್ಲಿ, ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸುವ 26,316 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಗುಡ್ಡಗಳ ಮೇಲೂ ಹೊಸ ಟವರುಗಳು ಎದ್ದಿವೆ. ಇದು ಸಂತೋಷದ ವಿಷಯವೇ.

ಹೀಗಿದ್ದೂ ಗ್ರಾಮಸಭೆಗಳಲ್ಲಿ ಮಾತು ಮೊದಲಿದ್ದ ಜಾಗದಲ್ಲೇ ನಿಂತಿದೆ. “ಟವರು ಬಂದಿದೆ, ನಮ್ಮ ಮನೆಗೆ ಫೋನು ಬರುವುದಿಲ್ಲ” ಎಂದು ರೈತರು ಹೇಳುತ್ತಾರೆ. “ನಿಮ್ಮ ಗ್ರಾಮ ಸಂಪರ್ಕಿತ ಗ್ರಾಮಗಳ ಪಟ್ಟಿಯಲ್ಲಿದೆ” ಎಂದು ಉತ್ತರ ಬರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪಟ್ಟಿ ತಯಾರಾಗುವುದು ಗ್ರಾಮದ ಲೆಕ್ಕದಲ್ಲಿ. ಬಯಲುಸೀಮೆಯಲ್ಲಿ ಗ್ರಾಮವೆಂದರೆ ಒಂದೇ ಕಡೆ ಸೇರಿಕೊಂಡ ನೂರಿನ್ನೂರು ಮನೆ. ನಮ್ಮಲ್ಲಿ ಗ್ರಾಮವೆಂದರೆ ಅಲ್ಲೊಂದು ಇಲ್ಲೊಂದು ಮನೆ, ನಡುವೆ ಗುಡ್ಡ, ಹಳ್ಳ, ಸೊಪ್ಪಿನ ಬೆಟ್ಟ, ತೋಟ. ರಸ್ತೆ ಬದಿಯ ಶಾಲೆಯ ಹತ್ತಿರ ಫೋನು ಕೂಗಿದರೆ ಗ್ರಾಮಕ್ಕೆ ಸಂಪರ್ಕ ಬಂದಂತಾಯಿತು. ಕಣಿವೆಯ ತಳದಲ್ಲಿರುವ ತೋಟದ ಮನೆಗೆ ಬಂದಂತಾಗಲಿಲ್ಲ.

ಈ ತಗಾದೆ ಬರೀ ಮಾತಿನಿಂದ ತೀರುವಂಥದಲ್ಲ. ದೂರಸಂಪರ್ಕದವರು ತಮ್ಮೊಳಗೆ ಬಳಸುವ ಅಳತೆಗಳು ಕೆಲವಿವೆ. ಅವು ರೈತರಿಗೆ ತಿಳಿದರೆ ಮನವಿ ಬರೆಯುವ ರೀತಿಯೇ ಬೇರೆಯಾಗುತ್ತದೆ. ಸೇರು, ಮಣಗಳ ಕಾಲದಲ್ಲಿ ನಮ್ಮ ಹಿರಿಯರು ಎಷ್ಟು ಮೋಸ ಹೋದರೆಂಬುದು ಗೊತ್ತಿರುವ ಸಂಗತಿ. ಮಣವೆಂದರೆ ಊರಿಗೊಂದು ತೂಕವಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು ಕಿಲೋ ಕಡ್ಡಾಯವಾದ ಮೇಲೆ ಆ ಗೊಂದಲ ಮುಗಿಯಿತು. ಇಂದು ಮಾರುಕಟ್ಟೆ ಪ್ರಾಂಗಣದ ತಕ್ಕಡಿಗೆ ಸರ್ಕಾರದ ಮುದ್ರೆ ಇರಲೇಬೇಕು, ಪೆಟ್ರೋಲ್ ಬಂಕಿನ ಯಂತ್ರಕ್ಕೂ ಇರಬೇಕು. ಆದರೆ ಫೋನಿನ ಮೂಲೆಯಲ್ಲಿ ಕಾಣುವ ಏಣಿಯಂಥ ಗೆರೆಗಳಿಗೆ, ನಾವು ಕಡ್ಡಿ ಎನ್ನುವ ಆ ಗುರುತಿಗೆ, ಯಾವ ಮುದ್ರೆಯೂ ಇಲ್ಲ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ತೋರಿಸಬೇಕೆಂಬುದು ಫೋನು ತಯಾರಿಸಿದವರ ಇಷ್ಟ. ಒಂದೇ ಜಗಲಿಯಲ್ಲಿ ಅಣ್ಣನ ಫೋನು ಮೂರು ಕಡ್ಡಿ, ತಮ್ಮನ ಫೋನು ಒಂದು ಕಡ್ಡಿ ತೋರಿಸಬಹುದು. ಆದ್ದರಿಂದ “ನಮ್ಮಲ್ಲಿ ಒಂದೇ ಕಡ್ಡಿ” ಎಂದು ಅರ್ಜಿಯಲ್ಲಿ ಬರೆದರೆ ಅದಕ್ಕೆ ಎಂಜಿನಿಯರರ ಮೇಜಿನ ಮೇಲೆ ಬೆಲೆಯಿಲ್ಲ.

ಫೋನಿನ ಮೇಲೆ ನಿಂತಿರುವ ಬೇಸಾಯ

ಇದೆಲ್ಲ ರೈತರಿಗೇಕೆ ಎಂದು ಕೇಳುವವರಿದ್ದಾರೆ. 2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ಮೊಬೈಲ್ ಆ್ಯಪ್ ಮೂಲಕ ಮಾಡಿಕೊಳ್ಳುವ ವ್ಯವಸ್ಥೆ ಬಂದಿದೆ. ಪಿ.ಎಂ. ಕಿಸಾನ್ ಹಣಕ್ಕೆ ಇ-ಕೆವೈಸಿ ಬೇಕು, ಅದಕ್ಕೆ ಓಟಿಪಿ ಬರಬೇಕು. ಅಡಿಕೆಯ ಟೆಂಡರು ಗಣಕಯಂತ್ರದಲ್ಲಿ ನಡೆಯುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಧಾರಣೆ ಸಂಜೆಯೊಳಗೆ ಫೋನಿಗೆ ಬರುತ್ತದೆ, ಬಂದರೆ. 2018-19ರಲ್ಲಿ ಅರಲಗೋಡು ಭಾಗದಲ್ಲಿ ಮಂಗನ ಕಾಯಿಲೆ ಹಬ್ಬಿದಂಥ ಸಮಯದಲ್ಲಿ 108ಕ್ಕೆ ಒಂದು ಕರೆ ಹೋಗುವುದರ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಕೊರೊನಾ ದಿನಗಳಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದ್ದನ್ನೂ, “ನೋ ನೆಟ್‌ವರ್ಕ್, ನೋ ವೋಟಿಂಗ್” ಎಂಬ ಫಲಕಗಳು ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎದ್ದದ್ದನ್ನೂ ಯಾರೂ ಮರೆತಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ, ಆದರೆ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಇರಿಸಿರುವ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಕಳಿಸುವುದು ಇದೇ ಮೊಬೈಲ್ ಜಾಲದ ಮೂಲಕ. ಅಡಿಕೆ, ಕಾಳುಮೆಣಸುಗಳ ಹವಾಮಾನ ಆಧಾರಿತ ವಿಮೆಯ ಪರಿಹಾರ ಹವಾಮಾನದ ಅಂಕಿಗಳನ್ನೇ ನೆಚ್ಚಿಕೊಂಡಿದೆ. 2024ರ ಮುಂಗಾರಿನಲ್ಲಿ ಅಡಿಕೆಗೆ ಹೆಕ್ಟೇರಿಗೆ 1,28,000 ರೂ. ವಿಮಾ ಮೊತ್ತ, ರೈತರ ಪಾಲಿನ ಕಂತು ಶೇ. 5, ಅಂದರೆ 6,400 ರೂ. ಮಳೆಮಾಪಕ ಕೆಟ್ಟಿದೆ, ಅಂಕಿ ಬಂದಿಲ್ಲ ಎಂಬ ದೂರುಗಳು ಮಲೆನಾಡಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಲೇ ಇವೆ. ನಮ್ಮ ಜೇಬಿನಲ್ಲಿ ಫೋನು ಇಲ್ಲದಿದ್ದರೂ ನಮ್ಮ ತೋಟದ ಹಣ ಆ ಟವರಿನ ಮೇಲೆ ನಿಂತಿದೆಯೆಂದು ಇದರ ಅರ್ಥ.

ಸಿಗ್ನಲ್ಲಿನ ಬಲ: ಡಿಬಿಎಂ

ಮೊದಲ ಅಳತೆ ಡಿಬಿಎಂ. ಫೋನಿಗೆ ತಲುಪಿದ ಸಿಗ್ನಲ್ ಎಷ್ಟು ಬಲವಾಗಿದೆಯೆಂದು ಹೇಳುವುದು ಇದೇ. ‘ಡಿಬಿ’ ಎಂದರೆ ಡೆಸಿಬೆಲ್. ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ಲರ ಹೆಸರಿನಿಂದ ಬಂದದ್ದು. ಅದಕ್ಕೂ ಮುಂಚೆ ಅಮೆರಿಕದಲ್ಲಿ ತಂತಿಯೊಳಗೆ ದನಿ ಎಷ್ಟು ಸೊರಗಿತೆಂಬುದನ್ನು ‘ಇಷ್ಟು ಮೈಲು ಕೇಬಲ್ಲಿನಷ್ಟು’ ಎಂದು ಹೇಳುತ್ತಿದ್ದರು. ನಾವು ಕೂಗಳತೆ ದೂರ ಎನ್ನುತ್ತಿದ್ದಂತೆಯೇ. ಕೂಗಳತೆ ಬೇಸಿಗೆಯಲ್ಲಿ ಒಂದು, ಮಳೆ ಹೊಯ್ಯುವಾಗ ಇನ್ನೊಂದು ಎಂಬುದು ಗೊತ್ತಿದ್ದೇ ಇದೆ. ಅವರಿಗೂ ಅಂಥದೇ ತೊಂದರೆಯಾಗಿ 1920ರ ದಶಕದಲ್ಲಿ ಹೊಸ ಮಾನವನ್ನು ತಂದರು.

ಡಿಬಿಎಂ ಸಂಖ್ಯೆ ಫೋನಿನಲ್ಲಿ ಋಣ ಚಿಹ್ನೆಯೊಡನೆ ಕಾಣುತ್ತದೆ: −85, −104, −117 ಹೀಗೆ. ಇದನ್ನು ಬಾವಿಯ ನೀರಿನ ಮಟ್ಟದಂತೆ ತಿಳಿಯಬೇಕು. ಸಂಖ್ಯೆ ದೊಡ್ಡದಾದಷ್ಟೂ ನೀರು ಕೆಳಗೆ ಹೋಗಿದೆ, ಎತ್ತುವುದು ಕಷ್ಟ. ಆದರೆ ಒಂದು ವ್ಯತ್ಯಾಸವಿದೆ. ಬಾವಿಯಲ್ಲಿ 80 ಅಡಿಗೂ 90 ಅಡಿಗೂ ಹತ್ತೇ ಅಡಿ ಅಂತರ. ಇಲ್ಲಿ −80ಕ್ಕೂ −90ಕ್ಕೂ ಹತ್ತು ಪಟ್ಟು ಅಂತರ, −80ಕ್ಕೂ −110ಕ್ಕೂ ಸಾವಿರ ಪಟ್ಟು. ಮಣ್ಣು ಪರೀಕ್ಷೆ ಮಾಡಿಸಿದವರಿಗೆ ಇದು ಹೊಸದೇನಲ್ಲ. ಮಣ್ಣಿನ ರಸಸಾರ 6 ಇದ್ದುದು 5ಕ್ಕೆ ಇಳಿದರೆ ಹುಳಿ ಹತ್ತು ಪಟ್ಟು ಏರಿತೆಂದು ಲೆಕ್ಕ. ಚೀಟಿಯಲ್ಲಿ ಒಂದೇ ಅಂಕದ ವ್ಯತ್ಯಾಸ, ತೋಟಕ್ಕೆ ಹಾಕಬೇಕಾದ ಸುಣ್ಣದಲ್ಲಿ ಭಾರಿ ವ್ಯತ್ಯಾಸ. ಡಿಬಿಎಂ ಕೂಡ ಅದೇ ಜಾತಿಯ ಅಳತೆ. ಮೂರು ಡಿಬಿ ಇಳಿದರೆ ಬಲ ಅರ್ಧವಾಯಿತು, ಹತ್ತು ಇಳಿದರೆ ಹತ್ತನೇ ಒಂದು ಭಾಗವಾಯಿತು.

4ಜಿ ವಿಷಯದಲ್ಲಿ ಸಾಮಾನ್ಯವಾಗಿ −80ರೊಳಗೆ ಇದ್ದರೆ ಒಳ್ಳೆಯ ಸಿಗ್ನಲ್, −100ರ ಆಸುಪಾಸಿನಲ್ಲಿ ಕೆಲಸ ಸಾಗುತ್ತದೆ, −110 ದಾಟಿದರೆ ಮಾತು ಕಡಿಯುತ್ತದೆ, −120ರ ಹತ್ತಿರ ಫೋನು ಇದ್ದೂ ಇಲ್ಲದಂತೆ. ಇದನ್ನು ನೋಡಲು ಯಾವ ಯಂತ್ರವೂ ಬೇಡ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಅಬೌಟ್ ಫೋನ್ ಎಂಬಲ್ಲಿಗೆ ಹೋಗಿ, ಸಿಮ್ ಸ್ಟೇಟಸ್ ಒತ್ತಿದರೆ ಸಿಗ್ನಲ್ ಸ್ಟ್ರೆಂತ್ ಎಂಬ ಸಾಲಿನಲ್ಲಿ ಸಂಖ್ಯೆ ಇರುತ್ತದೆ. ಅದರ ಮುಂದೆ ಡಿ, ಬಿ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಪಕ್ಕದಲ್ಲಿ ಎ, ಎಸ್, ಯು ಎಂಬ ಇನ್ನೊಂದು ಅಂಕಿಯಿದ್ದರೆ ಅದನ್ನು ಬಿಡಬಹುದು. 4ಜಿಯಲ್ಲಿ ಅದು ಡಿಬಿಎಂಗೆ 140 ಕೂಡಿಸಿದ್ದು, ಅಷ್ಟೇ.

ಜಗಲಿಯಲ್ಲಿ ನಿಂತು ಒಮ್ಮೆ, ನಡುಮನೆಯಲ್ಲಿ ಒಮ್ಮೆ ನೋಡಿ. ದಪ್ಪ ಗೋಡೆ ಹತ್ತಕ್ಕೂ ಹೆಚ್ಚು ಡಿಬಿ ನುಂಗುತ್ತದೆ. ತಗಡಿನ ಶೀಟು ಹೊದಿಸಿದ ಮನೆಯೊಳಗೆ ಇನ್ನೂ ಕಡಿಮೆ. ಕೆಲವರು ಇದಕ್ಕೆ ಪರಿಹಾರವೆಂದು ಪೇಟೆಯಿಂದ ಬೂಸ್ಟರ್ ತರುತ್ತಾರೆ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅಲ್ಲದೆ ನಮ್ಮ ಬೂಸ್ಟರ್ ಟವರಿಗೆ ಗದ್ದಲ ಮಾಡಿ ನೆರೆಮನೆಯವರ ಫೋನನ್ನೂ ಕೆಡಿಸುತ್ತದೆ. ಮನೆಗೆ ಫೈಬರ್ ತಂತಿ ಬಂದಿದ್ದರೆ ಫೋನಿನಲ್ಲಿರುವ ವೈ-ಫೈ ಕಾಲಿಂಗ್ ಸೌಲಭ್ಯ ಹಾಕಿಕೊಳ್ಳುವುದು ಒಳ್ಳೆಯದು. ನಮ್ಮ ಕಂಪನಿಯ ಸಿಗ್ನಲ್ ಇಲ್ಲದ ಜಾಗದಲ್ಲೂ ಬೇರೆ ಯಾವುದಾದರೊಂದು ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ತುರ್ತು ಕರೆ ಹೋಗುತ್ತದೆಂಬುದೂ ನೆನಪಿರಲಿ.

ತೊಟ್ಟಿ ಮತ್ತು ಪೈಪು

ಎರಡನೆಯದು ಜಿ.ಬಿ. ಮತ್ತು ಮೆಗಾಬಿಟ್ಟುಗಳ ಗೊಂದಲ. ನಾವು ಹಣ ಕೊಡುವುದು ಜಿ.ಬಿ. ಲೆಕ್ಕದಲ್ಲಿ. ಅದು ತೊಟ್ಟಿಯಲ್ಲಿರುವ ನೀರಿನಂತೆ, ಮೊತ್ತದ ಅಳತೆ. ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದು ಪೈಪಿನಲ್ಲಿ ಹರಿಯುವ ನೀರಿನ ವೇಗ. ಹಿಂದೆ ಹೇಳಿದ ಡಿಬಿಎಂ ಎಂದರೆ ಒತ್ತಡ. ಒತ್ತಡವಿಲ್ಲದಿದ್ದರೆ ತುಂತುರು ನೀರಾವರಿಯ ಜೆಟ್ ತಿರುಗದೆ ಸುಮ್ಮನೆ ತೊಟ್ಟಿಕ್ಕುತ್ತದೆ. ಇನ್ನು ಬಿಟ್ ಬೇರೆ, ಬೈಟ್ ಬೇರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಜಾಹೀರಾತಿನಲ್ಲಿ ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ, ಏಕೆಂದರೆ ಸಂಖ್ಯೆ ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ. ಪ್ಯಾಕನ್ನು ಬೈಟುಗಳಲ್ಲಿ ಮಾರುತ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ದಿನಕ್ಕೆ 1.5 ಜಿ.ಬಿ. ಪ್ಯಾಕು ಎಂದರೆ 12,000 ಮೆಗಾಬಿಟ್. ಸೆಕೆಂಡಿಗೆ 2 ಮೆಗಾಬಿಟ್ ವೇಗವಿದ್ದರೆ ಅದು 6,000 ಸೆಕೆಂಡಿನಲ್ಲಿ, ಅಂದರೆ ಒಂದು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಕಣಿವೆಯ ಮನೆಯಲ್ಲಿ ಸಿಗುವ ವೇಗ ಸೆಕೆಂಡಿಗೆ 100 ಕಿಲೋಬಿಟ್ ಎಂದಿಟ್ಟುಕೊಳ್ಳಿ. ಆಗ ಅದೇ 1.5 ಜಿ.ಬಿ. ಮುಗಿಯಲು 33 ಗಂಟೆಗೂ ಮೇಲೆ ಬೇಕು. ದಿನಕ್ಕಿರುವುದು 24 ಗಂಟೆ. ಅಂದರೆ ಹಗಲೂ ರಾತ್ರಿ ಫೋನು ಓಡಿಸಿದರೂ ಕೊಂಡ ಪಡಿತರವನ್ನು ಪೂರ್ತಿ ಎತ್ತಲಾಗುವುದಿಲ್ಲ, ಒಂದು ಜಿ.ಬಿ. ಮತ್ತು ಸ್ವಲ್ಪ ಮಾತ್ರ ಎತ್ತಬಹುದು. ಉಳಿದದ್ದು ಮಧ್ಯರಾತ್ರಿಗೆ ರದ್ದಾಗುತ್ತದೆ. ರೀಚಾರ್ಜಿನ ದರವಾದರೋ ಶಿವಮೊಗ್ಗದ ಪೇಟೆಯವರಿಗೂ ನಿಟ್ಟೂರಿನವರಿಗೂ ಒಂದೇ. ಕೊಟ್ಟ ಹಣಕ್ಕೆ ಸರಕು ಬಂದಿತೇ ಎಂಬ ಪ್ರಶ್ನೆಯನ್ನು ಅಡಿಕೆ ಮಂಡಿಯಲ್ಲಿ ಕೇಳುವ ನಾವು ಇಲ್ಲಿ ಕೇಳಿಲ್ಲ.

ಯಾವುದನ್ನು ಬ್ರಾಡ್‌ಬ್ಯಾಂಡ್ ಎನ್ನಬೇಕೆಂಬುದಕ್ಕೆ ಸರ್ಕಾರವೇ ಅಳತೆ ಗೊತ್ತು ಮಾಡಿದೆ. 2004ರಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದದ್ದು, ಮುಂದೆ 512 ಆಗಿ, 2023ರ ಜನವರಿಯಲ್ಲಿ ಕನಿಷ್ಠ 2 ಮೆಗಾಬಿಟ್ ಆಯಿತು. ಆದ್ದರಿಂದ ವೇಗ ಅಳೆದು ನೋಡಿದಾಗ 2ಕ್ಕಿಂತ ಕಡಿಮೆ ಬಂದರೆ ಅದು ಸರ್ಕಾರದ ವ್ಯಾಖ್ಯೆಯ ಪ್ರಕಾರವೇ ಬ್ರಾಡ್‌ಬ್ಯಾಂಡ್ ಅಲ್ಲ ಎಂದು ಧೈರ್ಯವಾಗಿ ಬರೆಯಬಹುದು.

ಎಲೆಚುಕ್ಕಿ ರೋಗ ತಗುಲಿದ ಸೋಗೆಯ ಚಿತ್ರ ಕಳಿಸುವವರಿಗೆ ಇಲ್ಲಿ ಒಂದು ಸೂಚನೆ. ಒಂದು ಚಿತ್ರ ಸುಮಾರು 3 ಮೆಗಾಬೈಟ್, ಅಂದರೆ 24 ಮೆಗಾಬಿಟ್. ಒಳ್ಳೆಯ ಸಿಗ್ನಲ್ಲಿನಲ್ಲಿ ಹನ್ನೆರಡು ಸೆಕೆಂಡು, ಕಣಿವೆಯಲ್ಲಿ ನಾಲ್ಕು ನಿಮಿಷ. ಕಳಿಸುವ ವೇಗ ಸಾಮಾನ್ಯವಾಗಿ ತರಿಸುವ ವೇಗಕ್ಕಿಂತ ಕಡಿಮೆಯಾದ್ದರಿಂದ ಇನ್ನೂ ತಡವಾಗಬಹುದು. ವಾಟ್ಸ್‌ಆ್ಯಪ್ ಇದನ್ನು ತಪ್ಪಿಸಲು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಹಿಂಡಿದ ಚಿತ್ರದಲ್ಲಿ ಚುಕ್ಕಿಯ ಅಂಚು, ನಡುವಿನ ಬಣ್ಣ ಕಾಣಿಸುವುದಿಲ್ಲ. ಆದ್ದರಿಂದ ತೀರ್ಥಹಳ್ಳಿಯ ಅಡಿಕೆ ಸಂಶೋಧನಾ ಕೇಂದ್ರಕ್ಕಾಗಲಿ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳಿಗಾಗಲಿ ಕಳಿಸುವಾಗ ಸಿಗ್ನಲ್ ಇರುವ ಜಾಗಕ್ಕೆ ಬಂದು, ಚಿತ್ರವನ್ನು ‘ಡಾಕ್ಯುಮೆಂಟ್’ ಎಂಬ ದಾರಿಯಲ್ಲಿ ಕಳಿಸಬೇಕು. ಬೆಳೆ ಸಮೀಕ್ಷೆಗೂ ಇದೇ ಕ್ರಮ: ಸಿಗ್ನಲ್ ಇರುವಲ್ಲಿ ಗ್ರಾಮದ ವಿವರ ಇಳಿಸಿಕೊಂಡು, ತೋಟದಲ್ಲಿ ಚಿತ್ರ ತೆಗೆದು, ಮರಳಿ ಬಂದು ಅಪ್‌ಲೋಡ್ ಮಾಡುವುದು. ಜಿ.ಪಿ.ಎಸ್. ಉಪಗ್ರಹದಿಂದ ಬರುವುದರಿಂದ ಅದಕ್ಕೆ ಟವರು ಬೇಕಿಲ್ಲ. ದಟ್ಟ ತೋಟದ ನೆರಳಿನಲ್ಲಿ ಮಾತ್ರ ಕೆಲವು ಮೀಟರು ಆಚೀಚೆ ತೋರಿಸೀತು.

ಕನ್ನಡ ಸಂದೇಶದ ಎಪ್ಪತ್ತು

ಇಲಾಖೆಗಳಿಂದ ಬರುವ ಸಂದೇಶಗಳು ಕಂಗ್ಲಿಷಿನಲ್ಲಿರುತ್ತವೆ ಎಂದು ಓದುಗರು ಆಕ್ಷೇಪಿಸುವುದುಂಟು. ಇದಕ್ಕೂ ಒಂದು ಅಳತೆ ಕಾರಣ. ಒಂದು ಎಸ್.ಎಂ.ಎಸ್. ಹೊರುವುದು 140 ಬೈಟ್ ಮಾತ್ರ. ಅದರಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ, ಕನ್ನಡದ್ದು 70. ಅದೂ ನಾವು ಎಣಿಸುವ ಅಕ್ಷರವಲ್ಲ. ಕಾಗುಣಿತದ ಗುರುತು, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಸಾಗರಕ್ಕೆ ನಾಲ್ಕು, ಹೊಸನಗರಕ್ಕೆ ಆರು ಸಾಕು. ತೀರ್ಥಹಳ್ಳಿ ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಯಂತ್ರದ ಲೆಕ್ಕದಲ್ಲಿ ಹತ್ತು. ಒಂದು ಸಂದೇಶ ಎಪ್ಪತ್ತು ಮೀರಿದರೆ 67ರಂತೆ ತುಂಡಾಗಿ ಹೋಗುತ್ತದೆ, ಪ್ರತಿ ತುಂಡಿಗೂ ಹಣ. ಆದರೂ ಕೊಳೆರೋಗದ ಮುನ್ಸೂಚನೆಯಂಥ ಸಂದೇಶವನ್ನು ಕನ್ನಡದಲ್ಲೇ ಕಳಿಸತಕ್ಕದ್ದು ಎಂಬುದು ನನ್ನ ಅಭಿಪ್ರಾಯ. ಬೋರ್ಡೋ ದ್ರಾವಣದ ಪ್ರಮಾಣವನ್ನು ಅರ್ಧಂಬರ್ಧ ಓದಿ ಸಿಂಪಡಿಸುವುದಕ್ಕಿಂತ ಎರಡು ತುಂಡಿನ ಖರ್ಚು ಮೇಲು.

ಹಿಂದೆ ಈ ಲೆಕ್ಕಗಳು ರೈತರ ಕಣ್ಣೆದುರಿಗೇ ಇದ್ದವು. ಎಸ್.ಟಿ.ಡಿ. ಬೂತಿನಲ್ಲಿ ಮೀಟರು ಓಡುತ್ತಿತ್ತು. ರಾತ್ರಿ 11ರ ಮೇಲೆ ಕಾಲು ದರವೆಂದು ಕಾದು ಕುಳಿತು ಮುಂಬಯಿಯ ಮಗನಿಗೆ ಫೋನು ಮಾಡಿದವರು ಪ್ರತಿ ಊರಿನಲ್ಲೂ ಇದ್ದಾರೆ. 2009ರಲ್ಲಿ ಸೆಕೆಂಡಿನ ದರ ಬಂದಾಗ ಜನ ಸೆಕೆಂಡು ಎಣಿಸಿ ಮಾತಾಡಿದರು. ಪ್ಯಾಕು ಬಂದ ಮೇಲೆ ಮೀಟರು ಮರೆಯಾಯಿತು. ತಿಂಗಳಿನ ಅಳತೆಯೂ 28 ದಿನವಾಗಿ, ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ರೀಚಾರ್ಜು ಬಿದ್ದವು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕನ್ನಾದರೂ ಇಡಬೇಕೆಂದು ಆಜ್ಞೆ ಮಾಡಿದೆ. ಕೇಳಿ ಹಾಕಿಸಿಕೊಳ್ಳಬೇಕು.

ಎಲೆ, ಗುಡ್ಡ ಮತ್ತು ಮೆಗಾಹರ್ಟ್ಸ್

ಟವರು ಹೊರಡಿಸುವ ಅಲೆಯ ಗಾತ್ರ ತಿಳಿಸುವುದು ಮೆಗಾಹರ್ಟ್ಸ್. ಸಂಖ್ಯೆ ಚಿಕ್ಕದಾದಷ್ಟೂ ಅಲೆ ಉದ್ದ. 700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್, 2100ರದ್ದು 14 ಸೆಂ.ಮೀ. ಉದ್ದ ಅಲೆ ಗುಡ್ಡದ ಅಂಚಿನಲ್ಲಿ ಸ್ವಲ್ಪ ಬಾಗಿ ಆಚೆಗೂ ಇಳಿಯುತ್ತದೆ, ಒದ್ದೆ ಎಲೆಗಳ ನಡುವೆಯೂ ಹೆಚ್ಚು ದೂರ ನುಸುಳುತ್ತದೆ. ಗಿಡ್ಡ ಅಲೆ ಪೇಟೆಯಲ್ಲಿ ಹೆಚ್ಚು ಹೊರೆ ಹೊರುತ್ತದೆ, ಕಾಡಿನಲ್ಲಿ ಬೇಗ ಸೋಲುತ್ತದೆ. ಬಿ.ಎಸ್.ಎನ್.ಎಲ್. 4ಜಿಗೆ ಈ ಎರಡೂ ಪಟ್ಟಿಗಳಿವೆ. ನಮ್ಮ ಮೂರು ತಾಲ್ಲೂಕುಗಳಿಗೆ ಬೇಕಾದದ್ದು 700. ಹೊಸ ಟವರು ಬಂದಾಗ ಅದರಲ್ಲಿ 700ರ ಉಪಕರಣ ಇದೆಯೇ ಎಂಬ ಒಂದು ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಕೇಳಿದರೆ ಹತ್ತು ಭಾಷಣಕ್ಕೆ ಸಮ. ಕೆಲವು ಅಗ್ಗದ ಹಾಗೂ ಹಳೆಯ ಫೋನುಗಳು ಈ ಪಟ್ಟಿಯನ್ನು ಹಿಡಿಯುವುದಿಲ್ಲ. ಕೊಳ್ಳುವಾಗ ‘ಬ್ಯಾಂಡ್ 28’ ಇದೆಯೇ ಎಂದು ಅಂಗಡಿಯಲ್ಲಿ ವಿಚಾರಿಸಬೇಕು.

ಆಷಾಢದ ಅಳತೆ: ಆಂಪಿಯರ್-ಗಂಟೆ

ಇಷ್ಟೆಲ್ಲ ಹೇಳಿದರೂ ನಮ್ಮ ಭಾಗದ ನಿಜವಾದ ಕಾಯಿಲೆ ಬೇರೆ ಕಡೆ ಇದೆಯೆಂದು ಹೇಳಬೇಕಾಗುತ್ತದೆ. ಬೇಸಿಗೆಯಲ್ಲಿ −98 ಇರುವ ಮನೆಯಲ್ಲಿ ಜುಲೈ ತಿಂಗಳಿನಲ್ಲಿ ಏನೂ ಇರುವುದಿಲ್ಲ. ಮಳೆ ಅಲೆಯನ್ನು ನುಂಗಿತೆಂದು ಜನ ತಿಳಿಯುತ್ತಾರೆ. ಈ ಪಟ್ಟಿಗಳ ಅಲೆಗೆ ಮಳೆಹನಿಯಿಂದ ಆಗುವ ನಷ್ಟ ಅತ್ಯಲ್ಪ. ಒದ್ದೆ ಎಲೆಯಿಂದ ಸ್ವಲ್ಪ ಹೆಚ್ಚು. ಸಾಮಾನ್ಯವಾಗಿ ಆದದ್ದೇನೆಂದರೆ ಮರ ಬಿದ್ದು ಮೆಸ್ಕಾಂ ಲೈನು ಕಡಿದಿದೆ, ಟವರಿನ ಬ್ಯಾಟರಿ ಮುಗಿದಿದೆ, ಜನರೇಟರಿಗೆ ಡೀಸೆಲ್ ಬಂದಿಲ್ಲ.

ಟವರಿನ ಉಪಕರಣಗಳು ನಡೆಯುವುದು 48 ವೋಲ್ಟಿನ ಬ್ಯಾಟರಿಯ ಮೇಲೆ. ಬ್ಯಾಟರಿಯ ಅಳತೆ ಆಂಪಿಯರ್-ಗಂಟೆ. 600 ಆಂಪಿಯರ್-ಗಂಟೆಯ ಬ್ಯಾಟರಿ ಇದೆಯೆಂದುಕೊಳ್ಳಿ. 48ರಿಂದ ಗುಣಿಸಿದರೆ 28,800 ವ್ಯಾಟ್-ಗಂಟೆ, ಅಂದರೆ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ 28.8 ಯೂನಿಟ್. ಟವರು ಗಂಟೆಗೆ 2 ಯೂನಿಟ್ ತಿಂದರೆ ಕಾಗದದ ಮೇಲೆ ಹದಿನಾಲ್ಕು ಗಂಟೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವಂತಿಲ್ಲವಾದ್ದರಿಂದ ಹತ್ತು ಹನ್ನೊಂದು ಗಂಟೆ. ಬ್ಯಾಟರಿ ಹಳೆಯದಾದರೆ ನಾಲ್ಕೈದು ಗಂಟೆಯೂ ಬರದು. ಹುಲಿಕಲ್, ಮಾಸ್ತಿಕಟ್ಟೆ, ಆಗುಂಬೆ ಕಡೆ ಮಳೆಗಾಲದಲ್ಲಿ ವಿದ್ಯುತ್ ಎರಡು ಮೂರು ದಿನ ಹೋಗುವುದು ಹೊಸದಲ್ಲ. ಎರಡು ದಿನ ಟವರು ಸತ್ತರೆ 15 ನಿಮಿಷಕ್ಕೊಂದರಂತೆ ಬರಬೇಕಾದ ಮಳೆಮಾಪಕದ 192 ಅಂಕಿಗಳು ಆ ಹೊತ್ತಿಗೆ ಕೇಂದ್ರ ತಲುಪುವುದಿಲ್ಲ. ಭಾರಿ ಮಳೆ ಬಿದ್ದ ದಿನವೇ ಮಳೆಯ ಲೆಕ್ಕ ನಿಲ್ಲುವ ವಿಚಿತ್ರ ಇದು. ಕೊಳೆರೋಗಕ್ಕೆ ದಾರಿಯಾಗುವುದೂ, ವಿಮೆಯ ಪ್ರಶ್ನೆ ಏಳುವುದೂ ಅಂಥ ದಿನಗಳಿಂದಲೇ.

ಪಂಚಾಯಿತಿಗೆ ಬರುವ ಭಾರತ್‌ನೆಟ್ ಫೈಬರಿನ ಕಥೆ ಚಿಕ್ಕದು. 2011ರಲ್ಲಿ ಮಂಜೂರಾದ ಯೋಜನೆ. ಪಂಚಾಯಿತಿಗೆ ಸೆಕೆಂಡಿಗೆ 100 ಮೆಗಾಬಿಟ್ ಗುರಿ. ಗಾಜಿನ ಎಳೆಯಲ್ಲಿ ಬೆಳಕು ಸೊರಗುವುದು ಕಿಲೋಮೀಟರಿಗೆ ಅರ್ಧ ಡಿಬಿಗಿಂತಲೂ ಕಡಿಮೆ. ರಸ್ತೆ ಅಗಲ ಮಾಡುವ ಜೆಸಿಬಿ ಒಂದು ಗಳಿಗೆಯಲ್ಲಿ ಕಡಿಯುವ ನಷ್ಟಕ್ಕೆ ಡಿಬಿ ಲೆಕ್ಕವೇ ಇಲ್ಲ.

ಜಿಲ್ಲೆಯ ಸರಾಸರಿಯಲ್ಲಿ ಕಳೆದುಹೋಗುವ ಹಳ್ಳಿ

ಟ್ರಾಯ್ 2024ರ ಆಗಸ್ಟ್‌ನಲ್ಲಿ ಸೇವಾ ಗುಣಮಟ್ಟದ ಹೊಸ ನಿಯಮಾವಳಿ ಹೊರಡಿಸಿ, ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಕಂಪನಿಗಳು ತಮ್ಮ ಸಿಗ್ನಲ್ ಎಲ್ಲೆಲ್ಲಿ ಇದೆಯೆಂಬ ನಕ್ಷೆಯನ್ನು ತಂತಮ್ಮ ಜಾಲತಾಣದಲ್ಲಿ ಪ್ರಕಟಿಸಬೇಕು. ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದ ಗುಣಮಟ್ಟದ ಲೆಕ್ಕವನ್ನು 2025ರ ಏಪ್ರಿಲಿನಿಂದ ತಿಂಗಳಿಗೊಮ್ಮೆ ನೋಡುವ ಕ್ರಮ ಬಂತು. ಸೇವೆ 24 ಗಂಟೆಗೂ ಮೀರಿ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ವಜಾ, ಪ್ರೀಪೇಯ್ಡ್ ಗ್ರಾಹಕರಿಗೆ ಹೆಚ್ಚುವರಿ ದಿನಗಳು ದೊರೆಯಬೇಕು. ಒಂದು ದಿನದಲ್ಲಿ 12 ಗಂಟೆಗಿಂತ ಹೆಚ್ಚು ನಿಂತಿದ್ದರೆ ಅದನ್ನು ಪೂರ್ಣ ದಿನವೆಂದು ಲೆಕ್ಕ ಹಿಡಿಯಬೇಕು. ಓದಲು ಚೆನ್ನಾಗಿದೆ. ಆದರೆ ಇಲ್ಲಿ ಸೇವೆ ನಿಂತಿತೆಂದು ಎಣಿಸುವುದು ಜಿಲ್ಲೆಯ ಮಟ್ಟದಲ್ಲಿ. ಒಂದು ಕಣಿವೆಯ ಒಂದು ಟವರು ಮೂರು ದಿನ ಸತ್ತರೆ ಅದು ಜಿಲ್ಲೆಯ ಸೇವೆ ನಿಂತಂತಾಗುವುದಿಲ್ಲ.

ಈ ಜಗಳ ನಮಗೆ ಪರಿಚಿತ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಅದನ್ನು ಶಿಕಾರಿಪುರದ ಮಳೆಯ ಜೊತೆ ಕೂಡಿಸಿ ಜಿಲ್ಲೆಯ ಸರಾಸರಿ ತೆಗೆದರೆ ಆ ಅಂಕಿ ಯಾರ ಹೊಲಕ್ಕೂ ಹೊಂದುವುದಿಲ್ಲ. ಬೆಳೆ ವಿಮೆಯಲ್ಲಿ ಗ್ರಾಮ ಪಂಚಾಯಿತಿಯನ್ನೇ ಘಟಕವಾಗಿ ಹಿಡಿಯುವುದು ಇದೇ ಕಾರಣಕ್ಕೆ. ಫೋನಿನ ಸೇವೆ ನಿಂತದ್ದನ್ನು ಎಣಿಸುವಾಗಲೂ ಮಲೆನಾಡಿನಲ್ಲಿ ಗ್ರಾಮ ಪಂಚಾಯಿತಿಯೇ ಘಟಕವಾಗಬೇಕು, ಟವರಿನ ಬ್ಯಾಟರಿಗೆ ಮಳೆಗಾಲಕ್ಕೆ ಮುಂಚೆ ಪರೀಕ್ಷೆಯಾಗಬೇಕು ಎಂಬ ಎರಡು ಬೇಡಿಕೆಗಳು ನ್ಯಾಯವಾದವು. ಇನ್ನೂ ಹತ್ತು ಟವರು ಕೊಡಿ ಎಂದು ಕೇಳುವುದಕ್ಕಿಂತ ಇವು ಮೊದಲು ಬರಬೇಕೆಂದು ನನಗೆ ತೋರುತ್ತದೆ.

ವಾಚನಾಲಯದಲ್ಲಿ ಒಂದು ಪುಸ್ತಕ

ಇದಕ್ಕೆ ಬೇಕಾದ ಆಧಾರವನ್ನು ಹಳ್ಳಿಯವರೇ ಸಿದ್ಧಪಡಿಸಿಕೊಳ್ಳಬಹುದು. ವಾಚನಾಲಯದಲ್ಲಿ ಒಂದು ನೂರು ಪುಟದ ಪುಸ್ತಕ ಇಡಿ. ಪ್ರತಿ ಮಜರೆಯಿಂದ ಒಬ್ಬರು ವಾರಕ್ಕೆರಡು ಬಾರಿ, ಬೆಳಿಗ್ಗೆ ಒಮ್ಮೆ, ಸಂಜೆ ಏಳರಿಂದ ಒಂಬತ್ತರೊಳಗೆ ಒಮ್ಮೆ, ತಮ್ಮ ಜಗಲಿಯಲ್ಲಿ ನಿಂತು ನೋಡಿದ ಡಿಬಿಎಂ ಬರೆಯಲಿ. ದಿನಾಂಕ, ವೇಳೆ, ಕಂಪನಿಯ ಹೆಸರು, ಮನೆ ಇರುವ ಸರ್ವೆ ನಂಬರು ಜೊತೆಗಿರಲಿ. ಸಂಜೆಯ ಡಿಬಿಎಂ ಬೆಳಗಿನಷ್ಟೇ ಇದ್ದು ವೇಗ ಮಾತ್ರ ಬಿದ್ದರೆ ಟವರಿಗೆ ಜನ ಹೆಚ್ಚಾಗಿದ್ದಾರೆಂದು ಅರ್ಥ. ಅದು ಬೇರೆ ದೂರು, ಬೇರೆ ಪರಿಹಾರ. ವೇಗ ನೋಡಲು ಟ್ರಾಯ್‌ನದೇ ಮೈಸ್ಪೀಡ್ ಎಂಬ ಆ್ಯಪ್ ಇದೆ. ಅದರಲ್ಲಿ ಅಳೆದದ್ದು ನೇರವಾಗಿ ಪ್ರಾಧಿಕಾರಕ್ಕೂ ಹೋಗುತ್ತದೆ. ಟವರು ಸತ್ತ ವೇಳೆ, ಮತ್ತೆ ಬಂದ ವೇಳೆ, ಕರೆಂಟು ಹೋದ ವೇಳೆ, ಈ ಮೂರನ್ನು ಬೇರೆ ಪುಟದಲ್ಲಿ ಬರೆದಿಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳು ಇದನ್ನು ಬಿಡದೆ ಮಾಡಿದರೆ ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆಂಬುದು ತಾನಾಗಿ ಹೊರಬೀಳುತ್ತದೆ.

ದೂರನ್ನು ಮೊದಲು ಕಂಪನಿಗೆ ಕೊಟ್ಟು ಅದರ ನೋಂದಣಿ ಸಂಖ್ಯೆ ಪಡೆಯಬೇಕು. ಉತ್ತರ ಸಮರ್ಪಕವಲ್ಲದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು; ಅಲ್ಲಿ 39 ದಿನಗಳೊಳಗೆ ತೀರ್ಮಾನವಾಗಬೇಕೆಂದು 2012ರ ನಿಯಮವಿದೆ. ಪುಸ್ತಕದ ಪುಟಗಳ ನಕಲು ಮತ್ತು ಕಂಪನಿಯ ನಕ್ಷೆಯಲ್ಲಿ ನಮ್ಮ ಜಾಗಕ್ಕೆ ಬಣ್ಣ ಬಳಿದಿರುವ ಚಿತ್ರ, ಎರಡನ್ನೂ ಒಟ್ಟಿಗೆ ಲಗತ್ತಿಸಿ. ಗ್ರಾಮಸಭೆಯ ನಡಾವಳಿಯಲ್ಲಿ “ನೆಟ್‌ವರ್ಕ್ ಸರಿಪಡಿಸುವುದು” ಎಂದಷ್ಟೇ ಬರೆಸದೆ, ಇಂಥ ಮಜರೆಯ ಇಷ್ಟು ಮನೆಗಳಲ್ಲಿ ಜಗಲಿಯ ಅಳತೆ −115ಕ್ಕಿಂತ ಕೆಳಗಿದೆ, ಜುಲೈನಲ್ಲಿ ಇಷ್ಟು ಗಂಟೆ ಟವರು ನಿಂತಿತ್ತು ಎಂದು ಅಂಕಿಸಹಿತ ಬರೆಸಿ. ಪಂಚಾಯಿತಿಯ ಮಳೆಮಾಪಕ ಯಾವ ಟವರಿನ ವ್ಯಾಪ್ತಿಯಲ್ಲಿದೆ ಎಂಬುದನ್ನೂ ಅದೇ ನಡಾವಳಿಯಲ್ಲಿ ಸೇರಿಸಿ, ಒಂದು ಪ್ರತಿಯನ್ನು ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ವಿಮೆಯ ತಕರಾರು ಬಂದ ದಿನ ಅದು ಬೇಕಾಗುತ್ತದೆ.